ಹಿಸ್ಟಮಿನ್ ಹನಿಯ ಸಾಕ್ಷ್ಯ

ಅಲರ್ಜಿಯ ಮೂಲವನ್ನರಿಯಲು ವೈದ್ಯರು ಮುಂಗೈ ಮೇಲೆ ಧೂಳು, ಪರಾಗ, ಆಹಾರಗಳ ಸಾರದ ಹನಿಗಳನ್ನಿಟ್ಟು ಸೂಜಿಯಿಂದ ಮೆಲ್ಲನೆ ಚುಚ್ಚುವುದುಂಟು. ಅದೇ ಸಾಲಿನಲ್ಲಿ ಲವಣಜಲದ ಒಂದು ಹನಿ, ಹಿಸ್ಟಮಿನ್ನಿನ ಒಂದು ಹನಿ ಇರುತ್ತವೆ. ಇವೆರಡು ಚರ್ಮದ ಸ್ವಭಾವವನ್ನೇ ಪರೀಕ್ಷಿಸುವಂಥವು.

ಅಲರ್ಜಿಯಾದಾಗ ನಮ್ಮ ದೇಹದ ಕೆಲವು ಜೀವಕೋಶಗಳು ಹಿಸ್ಟಮಿನ್ನನ್ನು ಹೊರಸೂಸುತ್ತವೆ. ಆಗ ಅಲ್ಲಿನ ಚರ್ಮ ಕೆಂಪಾಗುತ್ತದೆ. ನರತಂತುಗಳ ಮೂಲಕ ಆ ಕೆಂಪು ಸುತ್ತಲೂ ಹರಡುತ್ತದೆ. ಕಿರುರಕ್ತನಾಳಗಳಿಂದ ದ್ರವ ಒಸರಿ ದದ್ದು ಏಳುತ್ತದೆ. ಈ ತ್ರಿವಿಧ ಪ್ರತಿಕ್ರಿಯೆಯನ್ನು ಲಂಡನ್ನಿನ ವೈದ್ಯವಿಜ್ಞಾನಿ ಸರ್ ಥಾಮಸ್ ಲೂಯಿಸ್ ಅವರು 1927ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ.

ಸುಮಾರು 15 ನಿಮಿಷಗಳ ತರುವಾಯ ದದ್ದುಗಳನ್ನು ಅಳೆಯುವರು. ಲವಣಜಲದ ಗುರುತಿಗಿಂತ 3 ಮಿ.ಮೀ. ಅಥವಾ ಅದಕ್ಕೂ ಹೆಚ್ಚು ದೊಡ್ಡದಾದ ದದ್ದನ್ನು ಸಕಾರಾತ್ಮಕವೆಂದು ಎಣಿಸಿ, ರೋಗಿಯ ಅನುಭವದೊಡನೆ ತೂಗಿ ನಿರ್ಣಯಿಸುವರು.

ಹಿಸ್ಟಮಿನ್ ಹನಿಗೂ ದದ್ದು ಏಳದಿದ್ದರೆ? ನೆಗಡಿಗೆಂದು ನುಂಗಿದ ಸೆಟಿರಿಜಿನ್‌ನಂತಹ ಮಾತ್ರೆ ಚರ್ಮದ ಪ್ರತಿಕ್ರಿಯೆಯನ್ನು ಅಡಗಿಸಿರಬಹುದು. ಆಗ ಉಳಿದ ಹನಿಗಳ ಮೌನವನ್ನು ನಂಬಲಾಗದು. ಅದನ್ನೇ ನಂಬಿ ಒಗ್ಗದ ಶೇಂಗಾವನ್ನು ಮಗುವಿಗೆ ತಿನ್ನಿಸಿದರೆ ಪ್ರಾಣಕ್ಕೇ ಕುತ್ತು ಬಂದೀತು. ಆದ್ದರಿಂದ ಪರೀಕ್ಷೆಯ ದಿನ ಗೊತ್ತುಮಾಡುವಾಗಲೇ, ಸೇವಿಸುವ ಔಷಧಗಳೆಲ್ಲವನ್ನೂ ವೈದ್ಯರಿಗೆ ಅರುಹಿ, ಯಾವುದನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಅವರಿಂದಲೇ ತಿಳಿಯುವುದು ನಮ್ಮೆಲ್ಲರ ಹೊಣೆ.