ಅಕ್ಷರಮಾಲೆಯೊಳಗಣ ಸಂಕೇತವ್ಯವಸ್ಥೆ

ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆಯುವ ಕೃತಕಭಾಷೆಗಳಲ್ಲಿ ಶಬ್ದವನ್ನು ಸ್ವರೂಪಮಾತ್ರದಿಂದ ಗ್ರಹಿಸಬೇಕಾದಾಗ ಅದನ್ನು ಎರಡು ಉದ್ಧರಣಚಿಹ್ನೆಗಳ ನಡುವೆ ಇಡುವುದು ವಾಡಿಕೆ. ಇಂತಹ ಅಕ್ಷರಮಾಲೆಗೆ ಸ್ಟ್ರಿಂಗ್ ಎಂದು ಹೆಸರು. ವ್ಯಾಕರಣದಲ್ಲಿ ಶಬ್ದವು ತನ್ನ ರೂಪವನ್ನೇ ಬೋಧಿಸುವುದೆಂದು ಪಾಣಿನಿಯು ಅಷ್ಟಾಧ್ಯಾಯಿಯ 1.1.68ನೆಯ ಸೂತ್ರದಲ್ಲಿ ವಿಧಿಸಿರುವುದನ್ನು ಬಲ್ಲವರಿಗೆ ಇದು ಅಪೂರ್ವವಲ್ಲ.

ಇಲ್ಲಿ ಒಂದು ಶಂಕೆಯುಂಟು. ಉದ್ಧರಣಚಿಹ್ನೆಯೇ ಮಾಲೆಯೊಳಗೆ ಬರಬೇಕಾದರೆ ಗತಿಯೇನು? ಅದನ್ನು ಕಂಡೊಡನೆ ಯಂತ್ರವು ಮಾಲೆ ಮುಗಿಯಿತೆಂದು ತಿಳಿಯುವುದಷ್ಟೆ. ಆದಕಾರಣ ಅದರ ಹಿಂದೆ ಬ್ಯಾಕ್‌ಸ್ಲ್ಯಾಶ್ ಎಂಬ ಓರೆಗೆರೆಯನ್ನಿಟ್ಟು, ಮುಂದಿನ ಚಿಹ್ನೆಗೆ ರೂಢಾರ್ಥವಿಲ್ಲವೆಂದು ಸೂಚಿಸುತ್ತಾರೆ. ಅದೇ ಗೆರೆಯ ಮುಂದೆ ಆಂಗ್ಲದ ಎನ್ ಬಂದರೆ ಹೊಸ ಪಂಕ್ತಿ. ಗೆರೆಯೇ ಬೇಕಾದಲ್ಲಿ ಎರಡು ಗೆರೆ. ಇವು ಎಸ್ಕೇಪ್ ಸೀಕ್ವೆನ್ಸುಗಳು. ಬಿ ಎಂಬ ಭಾಷೆಯಲ್ಲಿ ಈ ಕಾರ್ಯಕ್ಕೆ ನಕ್ಷತ್ರಚಿಹ್ನೆಯಿದ್ದಿತು. ಅದರಿಂದ ಹುಟ್ಟಿದ ಸಿ ಭಾಷೆಯಲ್ಲಿ ಓರೆಗೆರೆ ಬಂದಿತು. ಕಾರ್ಯವಾದ ಮೇಲೆ ಗೆರೆಯು ಅನುಬಂಧದಂತೆ ಲೋಪವಾಗುತ್ತದೆ.

ಸಂಕೇತದ ಆರಂಭವೇನೋ ಸ್ಪಷ್ಟ; ಅಂತ್ಯವೆಲ್ಲಿ ಎಂಬುದೇ ಕಷ್ಟ. ಸಿ ಭಾಷೆಯಲ್ಲಿ ಓರೆಗೆರೆ ಮತ್ತು ಎಕ್ಸ್ ಅಕ್ಷರಗಳ ಮುಂದೆ ಷೋಡಶಮಾನದ ಅಂಕಗಳು ಎಷ್ಟಿದ್ದರೂ ಸಂಕೇತಕ್ಕೇ ಸೇರುವುವು. ಆ ಮಾನದಲ್ಲಿ ಎ ಮೊದಲಾಗಿ ಎಫ್‌ವರೆಗಿನ ಅಕ್ಷರಗಳೂ ಅಂಕಗಳೇ ಆದುದರಿಂದ ಮುಂದಿನ ಪದದ ಮೊದಲಕ್ಷರವೂ ಒಮ್ಮೊಮ್ಮೆ ನುಂಗಿಹೋಗುತ್ತದೆ. ಪದಚ್ಛೇದದಲ್ಲಿ ತೊಡಕಿದವರು ಈ ಬಾಧೆಯನ್ನು ಬಲ್ಲರು. ಮಾಲೆಯನ್ನು ಅಲ್ಲಿಯೇ ಮುಗಿಸಿ ಮತ್ತೊಂದನ್ನು ಒತ್ತಿಗೆ ತೆರೆಯುವುದೇ ಪರಿಹಾರ.

ಯುನಿಕೋಡಿನ ಸಂಕೇತದಲ್ಲಾದರೆ ಓರೆಗೆರೆ, ಯು ಅಕ್ಷರ, ನಾಲ್ಕೇ ಅಂಕ ಎಂಬ ನಿಯಮವಿದೆ. ಹುನಗುಂದ ಎಂಬ ಹೆಸರನ್ನು ತೆಗೆದುಕೊಳ್ಳಬಹುದು. ಲಿಪಿಯಲ್ಲಿ ನಾಲ್ಕಕ್ಷರ, ಯುನಿಕೋಡಿನಲ್ಲಿ ಹ, ಉಕಾರ, ನ, ಗ, ಉಕಾರ, ಅನುಸ್ವಾರ, ದ ಎಂದು ಏಳು ಘಟಕ, ಒಂದೊಂದಕ್ಕೆ ಆರರಂತೆ ಸಂಕೇತರೂಪದಲ್ಲಿ 42 ಚಿಹ್ನೆ. ಪೈಥಾನ್ ಭಾಷೆಯ ಜೇಸನ್ ಗ್ರಂಥಾಲಯವು, ಬೇರೆ ಹೇಳದ ಪಕ್ಷದಲ್ಲಿ, ಕನ್ನಡವನ್ನೆಲ್ಲ ಹೀಗೆಯೇ ಬರೆದಿಡುತ್ತದೆ. ವಚನಗಳನ್ನು ಈ ರೂಪದಲ್ಲಿರಿಸಿ ಸಂಕೇತವನ್ನು ಬಿಡಿಸದೆ ಹುಡುಕಿದರೆ, ಕೂಡಲಸಂಗಮ ಎಂಬ ಪದವು ಗ್ರಂಥದಲ್ಲಿ ನೂರು ಕಡೆ ಇದ್ದರೂ ಒಂದೆಡೆಯೂ ಸಿಕ್ಕದು. ಎರಡು ಬಾರಿ ಸಂಕೇತಿಸಿದುದನ್ನು ಒಮ್ಮೆ ಮಾತ್ರ ಬಿಡಿಸಿದರೂ ಅದೇ ಪಾಡು. ಪಾಠವು ನಷ್ಟವಾಯಿತೆಂದು ಸಂಪಾದಕನು ಭ್ರಮಿಸುವುದು ಇಂತಹಲ್ಲಿ.

ಬಿಡಿಸುವ ಕಾಲವೂ ಮುಖ್ಯ. ಜಾವಾ ಭಾಷೆಯು ಯುನಿಕೋಡಿನ ಸಂಕೇತಗಳನ್ನು ಮಾಲೆಯನ್ನು ಗುರುತಿಸುವುದಕ್ಕೆ ಮೊದಲೇ ಬಿಡಿಸುತ್ತದೆ. ಆದುದರಿಂದ ಉದ್ಧರಣಚಿಹ್ನೆಯನ್ನು 0022 ಎಂಬ ಅಂಕಗಳಿಂದ ಸಂಕೇತಿಸಿದರೂ ಮಾಲೆ ಮುಗಿದೇಹೋಗುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ಕ್ರಮವು ವಿಪರೀತವಾದ ಕಾರಣ ಅದೇ ಬರಹವು ಮಾಲೆಯೊಳಗೆ ನಿರಪಾಯವಾಗಿ ನಿಲ್ಲುತ್ತದೆ.