ಕಿರುಟ್ಯಾಂಕಿನ ರಾಡಿ

ಪ್ಲಾಸ್ಟಿಕ್ಕಿನ ತುಂಡುಗಳನ್ನು ಜೋಡಿಸಿ ಯುದ್ಧದ ಟ್ಯಾಂಕುಗಳ ಪ್ರತಿಕೃತಿಗಳನ್ನು ರಚಿಸುವುದನ್ನು ಹಿರಿಯರು ಹುಡುಗಾಟವೆಂದು ಬಗೆಯುವುದುಂಟು. ನಾವು ಹಾಗೆಣಿಸೆವು. 1:35ರ ಪ್ರಮಾಣದಲ್ಲಿ ಸುಮಾರು 3.6 ಮೀಟರು ಅಗಲದ ಪ್ಯಾಟನ್ ಟ್ಯಾಂಕು 10 ಸೆಂಟಿಮೀಟರಿಗೆ ಇಳಿಯುತ್ತದೆ. ಕಠಿಣವಾದುದು ಜೋಡಣೆಯಲ್ಲ, ಬಣ್ಣ ಬಳಿದ ಮೇಲೆ ಅದನ್ನು ಬಿಸಿಲುಮಳೆಗೆ ಸವೆದಂತೆ ಮಾಸಲುಗೊಳಿಸುವ ಕೆಲಸ. ತೆಳುವಾದ ಕಪ್ಪು ಬಣ್ಣವನ್ನು ಸಂದುಗಳಿಗೆ ಹರಿಯಿಸುವರು. ಒಣಕುಂಚದಿಂದ ಅಂಚುಗಳನ್ನು ಸವರುವರು. ಇಲ್ಲಿಯೇ ಅನೇಕರು ಎಡವಿ, ಎಲ್ಲೆಡೆಯೂ ತುಕ್ಕು ಹಚ್ಚುತ್ತಾರೆ. ಕಾದಾಡುವ ಟ್ಯಾಂಕು ಅಷ್ಟು ತುಕ್ಕು ಹಿಡಿಯುವವರೆಗೆ ಸುಮ್ಮನೆ ನಿಂತಿರುವುದೇ?

1965ರ ಸಪ್ಟಂಬರದಲ್ಲಿ ಪಂಜಾಬದ ಅಸಲ್ ಉತ್ತರದಲ್ಲಿ ನಮ್ಮ ಸೈನಿಕರು ಹೊಲಗದ್ದೆಗಳಿಗೆ ನೀರು ಹಾಯಿಸಿದರು; ಪಾಕಿಸ್ತಾನದ ಪ್ಯಾಟನ್‌ಗಳು ಹೂತು ನಿಂತವು. ಹವಾಲ್ದಾರ ಅಬ್ದುಲ್ ಹಮೀದರು ಜೀಪಿನ ಮೇಲಿನ ತೋಪಿನಿಂದ ಹಲವನ್ನು ಕೆಡವಿ ಪ್ರಾಣವಿತ್ತರು. ಅವರಿಗೆ ಮರಣೋತ್ತರ ಪರಮವೀರಚಕ್ರವು ಸಂದಿತು. ಆ ಟ್ಯಾಂಕಿಗೆ ಮರುಭೂಮಿಯ ಧೂಳನ್ನು ಬಳಿಯುವುದು ಇತಿಹಾಸಕ್ಕೆ ಅಪಚಾರ. ಅದರ ಗಾಲಿಗಳಿಗೆ ಹಸಿ ರಾಡಿ ಮೆತ್ತಿರಬೇಕು.

ರಾಡಿಯ ಬಣ್ಣವನ್ನರಿಯಲು ಅಕ್ಕಿಆಲೂರಿನ ತರುಣರು ಪುಸ್ತಕ ಹುಡುಕಬೇಕಿಲ್ಲ. ಮಳೆಗಾಲದಲ್ಲಿ ಭತ್ತದ ಗದ್ದೆಯಿಂದ ಬಂದ ಟ್ರ್ಯಾಕ್ಟರನ್ನು ನಾಲ್ವರು ಗೆಳೆಯರು ಕೂಡಿ ನೋಡಲಿ: ಹಸಿ ಮಣ್ಣು ಎಷ್ಟು ಕಪ್ಪು, ಒಣಗಿದ್ದು ಎಷ್ಟು ತಿಳಿ, ಚಾಲಕನ ಕಾಲು ಎಲ್ಲಿ ಬಣ್ಣ ಸವೆಸಿದೆ. ಬಳಿಕ ಒಬ್ಬರ ಪ್ರತಿಕೃತಿಯನ್ನು ಮತ್ತೊಬ್ಬರು ನಿರ್ದಾಕ್ಷಿಣ್ಯವಾಗಿ ಪರೀಕ್ಷಿಸಲಿ.