ಮಾಹಿತಿ ಸಾಕ್ಷರತೆ: ಪರಿಭಾಷೆಯ ಕೆಲವು ಪ್ರಶ್ನೆಗಳು

ಶೈಕ್ಷಣಿಕ ಗ್ರಂಥಾಲಯಗಳ ಕುರಿತ ಬರಹಗಳಲ್ಲಿ 'ಬಳಕೆದಾರರ ಶಿಕ್ಷಣ', 'ಗ್ರಂಥಸೂಚಿ ಬೋಧನೆ', 'ಗಣಕಯಂತ್ರ ಸಾಕ್ಷರತೆ', 'ಮಾಹಿತಿ ಸಾಕ್ಷರತೆ' ಎಂಬ ಪದಗಳು ಒಂದರ ಸ್ಥಾನದಲ್ಲಿ ಇನ್ನೊಂದು ಬಳಕೆಯಾಗುವುದುಂಟು. ಇದು ಕೇವಲ ಪದಗಳ ಗೊಂದಲವಲ್ಲ. ವರ್ಷಾರಂಭದಲ್ಲಿ ಹೊಸ ವಿದ್ಯಾರ್ಥಿಗಳಿಗೆ ಕಪಾಟುಗಳನ್ನು ತೋರಿಸಿ, ಎರವಲಿನ ನಿಯಮಗಳನ್ನು ತಿಳಿಸಿ, ಅದನ್ನೇ ಮಾಹಿತಿ ಸಾಕ್ಷರತಾ ಕಾರ್ಯಕ್ರಮವೆಂದು ವರದಿಯಲ್ಲಿ ನಮೂದಿಸಿದರೆ, ಮಾಡಬೇಕಾದ ಕೆಲಸ ಹಾಗೆಯೇ ಉಳಿದುಬಿಡುತ್ತದೆ.

ಈ ಪದವನ್ನು ಮೊದಲು ಬಳಕೆಗೆ ತಂದವರು ಅಮೆರಿಕದ ಮಾಹಿತಿ ಉದ್ಯಮ ಸಂಘದ ಅಧ್ಯಕ್ಷರಾಗಿದ್ದ ಪಾಲ್ ಜುರ್ಕೋವ್‌ಸ್ಕಿ. 1974ರ ತಮ್ಮ ವರದಿಯಲ್ಲಿ, ವೃತ್ತಿಯ ಸಮಸ್ಯೆಗಳನ್ನು ಬಿಡಿಸಲು ಮಾಹಿತಿ ಆಕರಗಳನ್ನು ಬಳಸುವ ತರಬೇತಿ ಪಡೆದವರನ್ನು ಅವರು ಹೀಗೆ ಕರೆದರು. ಪದ ಹುಟ್ಟಿದ್ದು ಗ್ರಂಥಾಲಯದಲ್ಲಲ್ಲ, ಉದ್ಯಮದ ನೆಲೆಯಲ್ಲಿ ಎಂಬುದು ಗಮನಾರ್ಹ. 1989ರಲ್ಲಿ ಅಮೆರಿಕದ ಗ್ರಂಥಾಲಯ ಸಂಘದ ಸಮಿತಿಯು ಮಾಹಿತಿಯ ಅಗತ್ಯವನ್ನು ಗುರುತಿಸುವುದು, ಅದನ್ನು ಹುಡುಕುವುದು, ಮೌಲ್ಯಮಾಪನ ಮಾಡುವುದು, ಪರಿಣಾಮಕಾರಿಯಾಗಿ ಬಳಸುವುದು ಎಂಬ ನಾಲ್ಕು ಸಾಮರ್ಥ್ಯಗಳನ್ನು ಹೇಳಿತು. ಉನ್ನತ ಶಿಕ್ಷಣಕ್ಕಾಗಿ 2000ದಲ್ಲಿ ಅಲ್ಲಿ ರೂಪುಗೊಂಡ ಮಾನದಂಡಗಳನ್ನು 2016ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಅವುಗಳ ಸ್ಥಾನಕ್ಕೆ ಬಂದ ಚೌಕಟ್ಟು, ಮಾಹಿತಿ ಹೇಗೆ ಸೃಷ್ಟಿಯಾಗುತ್ತದೆ, ಅದಕ್ಕೆ ಪ್ರಾಮಾಣ್ಯ ಎಲ್ಲಿಂದ ಒದಗುತ್ತದೆ ಎಂಬ ಪ್ರಶ್ನೆಗಳನ್ನು ಮುಂದಿಟ್ಟಿತು.

ವ್ಯತ್ಯಾಸವನ್ನು ನಮ್ಮದೇ ಉದಾಹರಣೆಯಿಂದ ನೋಡಬಹುದು. ಬಸವಣ್ಣನವರ ವಚನಗಳ ಸಂಪುಟವನ್ನು ಕ್ಯಾಟಲಾಗಿನಲ್ಲಿ ಹುಡುಕಿ, ವರ್ಗಾಂಕ ಹಿಡಿದು ಕಪಾಟಿನಿಂದ ತರಲು ಕಲಿಸುವುದು ಗ್ರಂಥಸೂಚಿ ಬೋಧನೆ. ಅಂತರಜಾಲದಲ್ಲಿ ಹುಡುಕುವ ಕ್ರಮವನ್ನಷ್ಟೇ ಕಲಿಸಿದರೆ ಅದು ಗಣಕಯಂತ್ರ ಸಾಕ್ಷರತೆ. ಆದರೆ ಅಂತರಜಾಲದಲ್ಲಿ ಆಕರವಿಲ್ಲದೆ ದೊರೆತ, 'ಕೂಡಲಸಂಗಮದೇವ' ಅಂಕಿತದ ಒಂದು ವಚನವನ್ನು ಸಂಶೋಧನ ವಿದ್ಯಾರ್ಥಿ ಪ್ರಬಂಧಕ್ಕೆ ಸೇರಿಸುವ ಮೊದಲು ತಡೆದು ಕೇಳಬೇಕಾದ ಪ್ರಶ್ನೆಗಳಿವೆ: ಇದು ಯಾವ ಸಂಪಾದಿತ ಆವೃತ್ತಿಯಲ್ಲಿದೆ? ಫ.ಗು. ಹಳಕಟ್ಟಿಯವರ 1923ರ 'ವಚನಶಾಸ್ತ್ರಸಾರ'ದ ಪಾಠವೇನು, 1993ರ ಸಮಗ್ರ ವಚನ ಸಂಪುಟದ ಪಾಠವೇನು? ಅಂಕಿತವೊಂದನ್ನೇ ಕರ್ತೃತ್ವದ ಪುರಾವೆ ಎನ್ನಬಹುದೇ? ಈ ಅನುಮಾನವನ್ನು ಹುಟ್ಟಿಸುವ, ಪರಿಹರಿಸುವ ದಾರಿಯನ್ನೂ ತೋರುವ ಶಿಕ್ಷಣವೇ ಮಾಹಿತಿ ಸಾಕ್ಷರತೆ. ಅದಕ್ಕೆ ಗ್ರಂಥಪಾಲಕರ ಜೊತೆಗೆ ವಿಷಯದ ಅಧ್ಯಾಪಕರೂ ಬೇಕು. ಅರ್ಧ ದಿನದ ಪರಿಚಯ ಕಾರ್ಯಕ್ರಮದಲ್ಲಿ ಅದು ಸಾಧ್ಯವಾಗದು.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. 1988ರ ರಾಷ್ಟ್ರೀಯ ಸಾಕ್ಷರತಾ ಮಿಷನ್ನಿನ ಬಳಿಕ 'ಸಾಕ್ಷರತೆ' ಎಂದೊಡನೆ ಅಕ್ಷರಾಭ್ಯಾಸದ ಚಿತ್ರವೇ ಮೂಡುತ್ತದೆ. ಅದು ಇದೆ ಅಥವಾ ಇಲ್ಲ ಎಂಬ ಎರಡೇ ಸ್ಥಿತಿಗಳ ಪದ. ಸ್ನಾತಕೋತ್ತರ ವಿದ್ಯಾರ್ಥಿಯನ್ನು 'ಮಾಹಿತಿ ಅನಕ್ಷರಸ್ಥ'ನೆಂದು ಕರೆಯುವುದು ಹಾಸ್ಯಾಸ್ಪದವೂ ಹೌದು, ಅಗೌರವವೂ ಹೌದು. 'ಮಾಹಿತಿ ವಿವೇಕ' ಎಂಬುದು ಮೂಲದ ಆಶಯಕ್ಕೆ ಹೆಚ್ಚು ಹತ್ತಿರವೆಂದು ನನ್ನ ಅನಿಸಿಕೆ. ಆದರೂ ಪಠ್ಯಕ್ರಮಗಳಲ್ಲಿ ನೆಲೆನಿಂತ ಪದವನ್ನು ಕದಲಿಸುವುದು ಸುಲಭವಲ್ಲವಾದ್ದರಿಂದ, ಇಲ್ಲಿ ಅದನ್ನೇ ಉಳಿಸಿಕೊಂಡಿದ್ದೇನೆ.